ಜಿರ್ಕಾನ್ ಡೇಟಿಂಗ್ ಸರ್ವಿಸ್: ಮೆಷಿನ್ ಚೆನ್ನಾಗಿದೆ, ಆದರೆ ಪಕ್ಕದಲ್ಲಿ ನೀವು ಕೂತಿರಬೇಕು

ಜಿರ್ಕಾನ್ ಅನ್ನುವ ಸಣ್ಣ ಹರಳಿನಿಂದ ಕಲ್ಲಿನ ವಯಸ್ಸು ಹೇಳುವ ಲ್ಯಾಬ್ ಸರ್ವಿಸ್‌ಗೆ ಐದಕ್ಕೆ ಮೂರು ಸ್ಟಾರ್. ಗ್ರಾನೈಟ್ ಕಳಿಸುವವರು ನಾಲ್ಕೂವರೆ ಅಂತ ಓದಿಕೊಳ್ಳಿ, ನಿಮಗೆ ಇಷ್ಟು ಸಾಕು, ಧೈರ್ಯವಾಗಿ ಕಳಿಸಿ. ಹಳೇ ಸಬ್‌ಡಕ್ಷನ್ ವಲಯದ (ಅಂದರೆ ಭೂಮಿಯ ಒಂದು ಪ್ಲೇಟ್ ಇನ್ನೊಂದರ ಕೆಳಗೆ ಇಳಿದ ಜಾಗದ) ಕಲ್ಲು ಇಟ್ಟುಕೊಂಡು ಕೂತವರು ಮಾತ್ರ ಪೂರ್ತಿ ಓದಿ. ಕೊಟೇಶನ್ ಕೇಳುವ ಮೊದಲೇ ಓದಿದರೆ ಇನ್ನೂ ಒಳ್ಳೆಯದು.

ಲ್ಯಾಬ್ ಹೆಸರು ಬರೆಯುತ್ತಿಲ್ಲ. ನಮ್ಮ ದಕ್ಷಿಣದ ಕಡೆಯ ಒಂದು ಲ್ಯಾಬ್, ಅಷ್ಟು ಸಾಕು. ಅಲ್ಲಿನ ಜನ ಒಳ್ಳೆಯವರು, ಕೆಲಸ ಗೊತ್ತಿರುವವರು. ನನ್ನ ತಕರಾರು ಅವರ ಪದ್ಧತಿಯ ಮೇಲೆ. ಇದೇ ಪದ್ಧತಿ ಬೇರೆ ಕಡೆಯೂ ಇರುತ್ತದೆ, ಹಾಗಾಗಿ ಹೆಸರಿಗಿಂತ ನೀವು ಏನು ಕೇಳಬೇಕು ಅನ್ನೋದು ಮುಖ್ಯ.

ಸರ್ವಿಸ್ ಏನು ಅಂದರೆ, ನೀವು ಕಲ್ಲು ಕೊಡುತ್ತೀರಿ. ಅವರು ಅದನ್ನು ಪುಡಿ ಮಾಡಿ, ಜರಡಿ ಹಿಡಿದು, ನೀರು ಹರಿಯುವ ಅಲುಗಾಡುವ ಟೇಬಲ್ ಮೇಲೆ ಹಗುರದ್ದನ್ನೆಲ್ಲ ತೊಳೆದು ಕಳಿಸಿ, ಆಯಸ್ಕಾಂತಕ್ಕೆ ಅಂಟುವುದನ್ನು ಬೇರೆ ಮಾಡಿ, ಭಾರದ ದ್ರವದಲ್ಲಿ ಹಾಕಿ ಮುಳುಗಿದ್ದನ್ನು ತೆಗೆದು, ಆಮೇಲೆ ಮೈಕ್ರೋಸ್ಕೋಪ್ ಕೆಳಗೆ ಒಂದೊಂದೇ ಜಿರ್ಕಾನ್ ಕಣ ಆರಿಸಿ, ಎಪಾಕ್ಸಿಯಲ್ಲಿ ಕೂರಿಸಿ, ಅರ್ಧಕ್ಕೆ ಉಜ್ಜಿ ಪಾಲಿಷ್ ಮಾಡಿ, ಲೇಸರ್ ಹೊಡೆಯುತ್ತಾರೆ. ಲೇಸರ್ ಎಬ್ಬಿಸಿದ ಧೂಳನ್ನು ಹೀಲಿಯಂ ಅನಿಲ ಮಾಸ್ ಸ್ಪೆಕ್ಟ್ರೋಮೀಟರ್‌ಗೆ ಒಯ್ಯುತ್ತದೆ. ಅಲ್ಲಿ ಯುರೇನಿಯಂ ಎಷ್ಟು, ಸೀಸ ಎಷ್ಟು ಅಂತ ಅಳೆಯುತ್ತಾರೆ. ಕೊನೆಗೆ ನಿಮ್ಮ ಮೇಲ್‌ಗೆ ಒಂದು ಎಕ್ಸೆಲ್ ಫೈಲ್ ಬರುತ್ತದೆ. ಬಿಲ್ ಕೂಡ ಬರುತ್ತದೆ, ಅದರ ಮೇಲೆ ಜಿಎಸ್‌ಟಿ.

ಜಿರ್ಕಾನ್ ಯಾಕೆ ಅಂತ ಕೇಳುವವರಿಗೆ ಚುಟುಕಾಗಿ: ಈ ಹರಳು ಬೆಳೆಯುವಾಗ ಯುರೇನಿಯಂ ಅನ್ನು ಒಳಗೆ ಸೇರಿಸಿಕೊಳ್ಳುತ್ತದೆ, ಸೀಸವನ್ನು ಹೆಚ್ಚುಕಡಿಮೆ ಹೊರಗೇ ಇಡುತ್ತದೆ. ಆಮೇಲೆ ಒಳಗೆ ಸಿಗುವ ಸೀಸ ಬಹುಪಾಲು ಯುರೇನಿಯಂನಿಂದಲೇ ಹುಟ್ಟಿದ್ದು. ಯುರೇನಿಯಂ-238 ಅರ್ಧ ಆಗಲು ಸುಮಾರು 447 ಕೋಟಿ ವರ್ಷ ಬೇಕು, ಯುರೇನಿಯಂ-235ಕ್ಕೆ ಸುಮಾರು 70 ಕೋಟಿ. ಅಂದರೆ ಒಂದೇ ಕಣದಿಂದ ಎರಡು ಬೇರೆ ಬೇರೆ ಲೆಕ್ಕ ಸಿಗುತ್ತದೆ, ಎರಡೂ ತಾಳೆಯಾದರೆ ನಂಬಬಹುದು. ಜೊತೆಗೆ ಜಿರ್ಕಾನ್ ಭಾರಿ ಗಟ್ಟಿ. 900 ಡಿಗ್ರಿ ಬಿಸಿಯಲ್ಲೂ ತನ್ನೊಳಗಿನ ಸೀಸವನ್ನು ಅಷ್ಟು ಸುಲಭಕ್ಕೆ ಬಿಡಲ್ಲ.

ಈ ಗಟ್ಟಿತನವೇ ನಮ್ಮಂಥವರಿಗೆ ತಲೆನೋವು.

ನನ್ನ ಕಲ್ಲುಗಳು ಪೂರ್ವ ಲಡಾಖ್‌ನ ತ್ಸೋ ಮೊರಿರಿ ಕಡೆಯವು. ಮಾಹೆ ಸೇತುವೆ ದಾಟಿ ಸುಮ್ದೋ, ಪೂಗಾ ಕಡೆ ಹೋಗುವ ದಾರಿಯಲ್ಲಿ ಬೂದು ಬಣ್ಣದ ನೈಸ್ ಶಿಲೆ, ಅದರ ಮಧ್ಯೆ ಅಲ್ಲಲ್ಲಿ ಕಪ್ಪು-ಹಸಿರು ಗಡ್ಡೆಗಳು, ಅದರೊಳಗೆ ಕೆಂಪು ಗಾರ್ನೆಟ್. ಆ ಗಡ್ಡೆಗಳೇ ಎಕ್ಲೋಜೈಟ್. ಮೂಲತಃ ಬಸಾಲ್ಟ್ ಜಾತಿಯ ಕಲ್ಲು. ಇಂಡಿಯಾ ಏಷ್ಯಾಕ್ಕೆ ಗುದ್ದಿದಾಗ ಭೂಖಂಡದ ಅಂಚೇ ಕೆಳಗೆ ಎಳೆದುಕೊಂಡು ಹೋಗಿ, ಒತ್ತಡದಲ್ಲಿ ಹೀಗಾಗಿ, ಮತ್ತೆ ಮೇಲೆ ಬಂದಿದೆ. ಎಷ್ಟು ಕೆಳಗೆ ಅಂದರೆ, ಗಾರ್ನೆಟ್ ಒಳಗೆ ಕೋಯೆಸೈಟ್ ಸಿಕ್ಕಿದೆ. ಕೋಯೆಸೈಟ್ ಅಂದರೆ ನಮ್ಮ ಮಾಮೂಲಿ ಕ್ವಾರ್ಟ್ಜ್‌ನ ಇನ್ನೊಂದು ರೂಪ, ಸುಮಾರು 90-100 ಕಿಲೋಮೀಟರ್ ಆಳದ ಒತ್ತಡ ಇದ್ದರೆ ಮಾತ್ರ ಆಗುವಂಥದ್ದು. ತ್ಸೋ ಮೊರಿರಿ ಕೋಯೆಸೈಟ್ ಬಗ್ಗೆ ಮೊದಲ ವರದಿ 2001ರಲ್ಲಿ ಬಂದದ್ದು ನಮ್ಮ ಬೆಂಗಳೂರಿನಿಂದ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ. ಡೆಹ್ರಾಡೂನ್‌ನ ವಾಡಿಯಾ ಸಂಸ್ಥೆಯವರ ಕೆಲಸ ಅದು.

ಈಗ ಪ್ರಶ್ನೆ ಒಂದೇ. ಈ ಕಲ್ಲು ಆ ಆಳದಲ್ಲಿ ಇದ್ದದ್ದು ಯಾವಾಗ?

ಇದಕ್ಕೆ ಉತ್ತರ ಜಿರ್ಕಾನ್ ಕಣದ ಹೊರಗಿನ ತೆಳು ಪದರದಲ್ಲಿ ಕೂತಿದೆ. ಸುತ್ತಲಿನ ನೈಸ್ ಶಿಲೆ ಒಂದು ಕಾಲಕ್ಕೆ ಗ್ರಾನೈಟ್ ಆಗಿತ್ತು. ಅದು ಸುಮಾರು 48 ಕೋಟಿ ವರ್ಷ ಹಳೆಯದು. ಹಾಗಾಗಿ ಕಣದ ಒಳಗಿನ ಕೋರ್ 48 ಕೋಟಿ ವರ್ಷದ್ದು, ಕೆಲವು ಇನ್ನೂ ಹಳೆಯವು. ಕಲ್ಲು ಕೆಳಗೆ ಹೋಗಿ ಬಂದದ್ದು ಸುಮಾರು 5 ಕೋಟಿ ವರ್ಷದ ಹಿಂದೆ. ಆಗಿನ ಬಿಸಿ ಹಳೇ ಕೋರ್ ಅನ್ನು ಅಳಿಸಿ ಹಾಕುವಷ್ಟು ಇರಲಿಲ್ಲ, ಅದರ ಮೇಲೆ ಒಂದು ಹೊಸ ರಿಮ್ ಬೆಳೆಸಿತು ಅಷ್ಟೇ. ಎಷ್ಟೋ ಕಣಗಳಲ್ಲಿ ಆ ರಿಮ್ ದಪ್ಪ ಐದು-ಹತ್ತು ಮೈಕ್ರಾನ್ ಇದ್ದರೆ ಪುಣ್ಯ. ಕೂದಲಿನ ದಪ್ಪಕ್ಕಿಂತ ಎಷ್ಟೋ ಕಡಿಮೆ.

ಲ್ಯಾಬ್‌ನವರ ಮಾಮೂಲಿ ಲೇಸರ್ ಸ್ಪಾಟ್ ಅಗಲ ಎಷ್ಟು? ಮೂವತ್ತು ಮೈಕ್ರಾನ್ ಚಿಲ್ಲರೆ.

ಇಲ್ಲಿಂದಲೇ ಜಗಳ ಶುರು. ಅವರಿಗೆ ಬರುವ ಕಲ್ಲುಗಳಲ್ಲಿ ಹೆಚ್ಚಿನವು ಧಾರವಾಡ ಕ್ರೇಟಾನ್‌ನವು, ಅಂದರೆ ನಮ್ಮ ಕಡೆಯ ಬಹಳ ಹಳೇ ಗಟ್ಟಿ ನೆಲದವು. ಕ್ಲೋಸ್‌ಪೇಟ್ ಗ್ರಾನೈಟ್, ಅಂದರೆ ನಮ್ಮ ರಾಮನಗರದ ಬಂಡೆಗಳು, ಸುಮಾರು 250 ಕೋಟಿ ವರ್ಷದ್ದು. ಅದರ ಜಿರ್ಕಾನ್ ದಪ್ಪಗೆ, ಉದ್ದಕ್ಕೆ, ನೋಡೋಕೇ ಖುಷಿ. ಸೀಸ ಬೇಕಾದಷ್ಟು ಸೇರಿಕೊಂಡಿರುತ್ತದೆ. ಮಧ್ಯಕ್ಕೆ ಗುರಿಯಿಟ್ಟು ದೊಡ್ಡ ಸ್ಪಾಟ್ ಹೊಡೆದರೆ ಸಿಗ್ನಲ್ ಚೆನ್ನಾಗಿ ಬರುತ್ತದೆ, ವಯಸ್ಸೂ ಸರಿಯಾಗಿ ಬರುತ್ತದೆ. ಅದಕ್ಕೆ ಹೊಂದಿಸಿಟ್ಟ ಪದ್ಧತಿಯನ್ನೇ ಎಲ್ಲ ಕಲ್ಲಿಗೂ ಹಾಕುತ್ತಾರೆ. ಆಪರೇಟರ್ ಹಾಸನದ ಕಡೆಯ ಹುಡುಗ, ತುಂಬಾ ಚುರುಕು. ಸ್ಕ್ರೀನ್ ತೋರಿಸಿ ಹೇಳಿದ್ದು ಇದನ್ನೇ: "ಮೇಡಂ, ಮಧ್ಯೆ ಜಾಗ ದೊಡ್ಡದಿದೆ, ಅಲ್ಲೇ ಹೊಡೆದ್ರೆ ಡೇಟಾ ನೀಟಾಗಿ ಬರುತ್ತೆ." ಬರುತ್ತೆ ನಿಜ. 48 ಕೋಟಿ ಅಂತ ಬಹಳ ನೀಟಾಗಿ ಬರುತ್ತೆ. ಆದರೆ ಹಿಮಾಲಯ ಹುಟ್ಟುವುದಕ್ಕೆ ಎಷ್ಟೋ ಮೊದಲಿನ ಗ್ರಾನೈಟ್ ವಯಸ್ಸು ತಗೊಂಡು ನಾನೇನು ಮಾಡಲಿ?

ಇನ್ನು ಸ್ಪಾಟ್ ಅರ್ಧ ಕೋರ್ ಮೇಲೆ, ಅರ್ಧ ರಿಮ್ ಮೇಲೆ ಬಿದ್ದರೆ ಅದಕ್ಕಿಂತ ಕಷ್ಟ. ಎರಡರಲ್ಲೂ ಯುರೇನಿಯಂ ಸಮ ಇದೆ ಅಂದುಕೊಳ್ಳಿ. ಸುಟ್ಟ ಪುಡಿಯಲ್ಲಿ ಹತ್ತರಲ್ಲಿ ಒಂದು ಪಾಲು 48 ಕೋಟಿಯದು, ಒಂಬತ್ತು ಪಾಲು 5 ಕೋಟಿಯದು ಆದರೆ ಮೆಷಿನ್ ಹೇಳುವ ವಯಸ್ಸು ಸುಮಾರು 9.3 ಕೋಟಿ. ಆ ಹೊತ್ತಿಗೆ ಈ ಕಲ್ಲಿಗೆ ಏನೂ ಆಗಿರಲಿಲ್ಲ! ಅಜ್ಜನ ವಯಸ್ಸಿಗೆ ಮೊಮ್ಮಗನ ವಯಸ್ಸು ಕೂಡಿಸಿ, ಸರಾಸರಿ ತೆಗೆದು, ಮನೆಯಲ್ಲಿ ಇಷ್ಟು ವಯಸ್ಸಿನವರು ಒಬ್ಬರಿದ್ದಾರೆ ಅಂದ ಹಾಗೆ. ಎರಡು ಲೆಕ್ಕ ತಾಳೆ ನೋಡಿದರೆ ಗೊತ್ತಾಗಲ್ವಾ ಅಂತ ಕೇಳಬಹುದು. ಹಳೇ ಜಿರ್ಕಾನ್‌ನಲ್ಲಾದರೆ ಗೊತ್ತಾಗುತ್ತದೆ. 5 ಕೋಟಿ ವರ್ಷದ ಎಳೆ ಕಣದಲ್ಲಿ ಸೀಸ-207 (ಯುರೇನಿಯಂ-235ರಿಂದ ಹುಟ್ಟುವ ಸೀಸ) ಎಷ್ಟು ಕಡಿಮೆ ಇರುತ್ತದೆ ಅಂದರೆ, ಆ ಅಳತೆಯ ತಪ್ಪಿನ ಅಂಚು ಅಗಲವಾಗಿ, ಸುಳ್ಳು ವಯಸ್ಸು ಅದರೊಳಗೆ ಸಲೀಸಾಗಿ ಅಡಗಿ ಕೂರುತ್ತದೆ. ಅದಕ್ಕೇ ಇಷ್ಟು ಎಳೆಯ ಕಣಗಳಿಗೆ ಸೀಸ-206, ಯುರೇನಿಯಂ-238 ಜೋಡಿಯ ಲೆಕ್ಕವನ್ನೇ ನೆಚ್ಚಿಕೊಳ್ಳಬೇಕಾಗುತ್ತದೆ.

ನನಗೆ ಬಂದ ಮೊದಲ ಎಕ್ಸೆಲ್‌ನಲ್ಲಿ ಇಂಥ ನಡುವಿನ ವಯಸ್ಸುಗಳು ಸಾಲಾಗಿ ಇದ್ದವು. ಜೊತೆಗೆ ಒಂದು ಸುಂದರ ಗ್ರಾಫ್, ಅದರ ಕೆಳಗೆ "ಶಿಲೆಯ ವಯಸ್ಸು" ಅಂತ ಒಂದು ಸಂಖ್ಯೆ. ಬರೀ ಸರಾಸರಿ. ಯಾವ ಸ್ಪಾಟ್ ಕಣದ ಯಾವ ಭಾಗದಲ್ಲಿ ಬಿತ್ತು ಅನ್ನುವ ಚಿತ್ರ ಇಲ್ಲ. ಕೇಳಿದ್ದಕ್ಕೆ ಸಿಎಲ್ ಚಿತ್ರ ಪ್ಯಾಕೇಜ್‌ನಲ್ಲಿ ಬರಲ್ಲ, ಅದು ಎಕ್ಸ್‌ಟ್ರಾ ಅಂದರು. ಸಿಎಲ್ ಅಂದರೆ ಎಲೆಕ್ಟ್ರಾನ್ ಹಾಯಿಸಿದಾಗ ಕಣ ಹೊಮ್ಮಿಸುವ ಬೆಳಕಿನ ಚಿತ್ರ, ಒಳಗಿನ ಪದರಗಳೆಲ್ಲ ಅದರಲ್ಲಿ ಕಾಣುತ್ತವೆ. ಮಾಮೂಲಿ ಮೈಕ್ರೋಸ್ಕೋಪ್‌ನಲ್ಲಿ ಕೋರ್ ಯಾವುದು ರಿಮ್ ಯಾವುದು ಅಂತ ಹೆಚ್ಚಿನ ಸಲ ಗೊತ್ತೇ ಆಗಲ್ಲ. ಸಬ್‌ಡಕ್ಷನ್ ಕಲ್ಲಿಗೆ ಸಿಎಲ್ ಇಲ್ಲದೆ ಲೇಸರ್ ಹೊಡೆಯುವುದು ಕಣ್ಣು ಮುಚ್ಚಿಕೊಂಡು ಹೊಡೆಯುವುದೇ ಸರಿ. ಇದನ್ನು ಎಕ್ಸ್‌ಟ್ರಾ ಅಂತ ಮಾರುವುದು ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಒಂದು ಸ್ಟಾರ್ ಪೂರ್ತಿ ಇದಕ್ಕೇ ಕತ್ತರಿಸಿದ್ದು.

ಪುಡಿ ಮಾಡುವ ವಿಭಾಗದ ಬಗ್ಗೆ ಇನ್ನೊಂದು ವಿಷಯ ಹೇಳಬೇಕು. ನನ್ನ ಎಕ್ಲೋಜೈಟ್‌ನಿಂದ ಬಂದ ಕಣಗಳ ಮಧ್ಯೆ 250 ಕೋಟಿ ವರ್ಷದ ಒಂದು ದಪ್ಪ ಕಣ ಕೂತಿತ್ತು. ಹಿಮಾಲಯದ ಕಲ್ಲುಗಳಲ್ಲಿ ಅಷ್ಟು ಹಳೇ ಕಣ ಸಿಗಲಾರದು ಅಂತೇನಿಲ್ಲ, ಇಂಡಿಯಾದ ಹಳೇ ನೆಲದಿಂದ ಕೊಚ್ಚಿಕೊಂಡು ಬಂದ ಮರಳಲ್ಲಿ, ಅದರಿಂದಾದ ಶಿಲೆಗಳಲ್ಲಿ ಇರುತ್ತವೆ. ಆದರೆ ಬಸಾಲ್ಟ್‌ನಿಂದಾದ ಗಡ್ಡೆಯಲ್ಲಿ ಅದು ಇದ್ದದ್ದು ಅನುಮಾನ ಹುಟ್ಟಿಸಿತು. ಅದು ನನ್ನ ಕಲ್ಲಿನದ್ದಾ, ಇಲ್ಲಾ ಅದೇ ಕ್ರಷರ್‌ನಲ್ಲಿ ಹಿಂದಿನ ದಿನ ಪುಡಿಯಾದ ಯಾರದ್ದೋ ಗ್ರಾನೈಟಿನದ್ದಾ? ಹೇಳೋಕೆ ಯಾರಿಗೂ ಆಗಲ್ಲ. ಒಂದು ಕಣ ಕ್ರಷರ್‌ನ ಸಂದಿಯಲ್ಲಿ ಉಳಿದರೆ ಸಾಕು, ಒಂದು ಇಡೀ ಪ್ರಬಂಧದ ತೀರ್ಮಾನ ಅಡ್ಡದಾರಿ ಹಿಡಿಯುತ್ತದೆ. ಗ್ರಾನೈಟ್ ಕಳಿಸುವವರಿಗೆ ಇದು ದೊಡ್ಡದಲ್ಲ, ಅವರ ಕಲ್ಲಲ್ಲಿ ಸಾವಿರಾರು ಕಣ ಇರುತ್ತವೆ. ಎಕ್ಲೋಜೈಟ್‌ನಲ್ಲಿ ಕಿಲೋಗಟ್ಟಲೆ ಕಲ್ಲು ಪುಡಿ ಮಾಡಿದರೂ ಬೆರಳೆಣಿಕೆಯ ಕಣ ಸಿಗಬಹುದು, ಏನೂ ಸಿಗದೆಯೂ ಇರಬಹುದು. ಬಸಾಲ್ಟ್‌ನಲ್ಲಿ ಜಿರ್ಕೋನಿಯಂ ಅಷ್ಟು ಕಡಿಮೆ. ನಿಮ್ಮ ಕಲ್ಲು ಹಾಕುವ ಮೊದಲು ಶುದ್ಧ ಕ್ವಾರ್ಟ್ಜ್ ಹಾಕಿ ಕ್ರಷರ್ ಓಡಿಸಲು ಹೇಳಿ, ಆ ಪುಡಿಯನ್ನೂ ಒಂದು ಕವರ್‌ನಲ್ಲಿ ತೆಗೆದಿಡಲು ಹೇಳಿ. ನಾನು ಹೇಳಿದಾಗ ಮಾಡಿಕೊಟ್ಟರು, ಗೊಣಗಲಿಲ್ಲ. ಕೇಳದೆ ಮಾಡಲ್ಲ ಅಷ್ಟೇ.

ಇಷ್ಟೆಲ್ಲ ಯಾಕೆ ತಲೆ ಕೆಡಿಸಿಕೊಳ್ಳಬೇಕು, 5.3 ಕೋಟಿ ಆದರೇನು 4.7 ಕೋಟಿ ಆದರೇನು ಅಂತ ಮನೆಯಲ್ಲೂ ಕೇಳುತ್ತಾರೆ. ಆ ಎರಡು ಸಂಖ್ಯೆಗಳು ಸುಮ್ನೆ ಬಾಯಿಗೆ ಬಂದದ್ದಲ್ಲ. 2005ರಲ್ಲಿ ಮೇರಿ ಲೀಚ್ ಮತ್ತು ಜೊತೆಯವರು ತ್ಸೋ ಮೊರಿರಿಯ ನೈಸ್ ಶಿಲೆಯ ಜಿರ್ಕಾನ್ ಅಳೆದು, ಅತಿ ಒತ್ತಡದ ಘಟ್ಟ ಸುಮಾರು 5.33 ಕೋಟಿ ವರ್ಷ ಹಿಂದಿನದು ಅಂದರು. ಅದಾದ ಮೇಲೆ 5 ಕೋಟಿ ಮತ್ತು 4.75 ಕೋಟಿ ಹತ್ತಿರ ಇನ್ನೆರಡು ಘಟ್ಟ. 2013ರಲ್ಲಿ ಡೊನಾಲ್ಡ್‌ಸನ್ ಮತ್ತು ಜೊತೆಯವರು ಎಕ್ಲೋಜೈಟ್‌ನ ಜಿರ್ಕಾನ್ ಅನ್ನೇ ಹಿಡಿದು, ವಯಸ್ಸಿನ ಜೊತೆ ಕಣದ ರಸಾಯನವನ್ನೂ ನೋಡಿ, 4.7ರಿಂದ 4.3 ಕೋಟಿ ಅಂದರು. ಅರವತ್ತು ಲಕ್ಷ ವರ್ಷಕ್ಕೂ ಮೀರಿದ ಅಂತರ. ಇಂಡಿಯಾ ಯಾವಾಗ ಗುದ್ದಿತು, ಎಷ್ಟು ಕಡಿದಾಗಿ ಕೆಳಗಿಳಿಯಿತು, ಆ ಕಲ್ಲು ಎಷ್ಟು ಬೇಗ ಮೇಲೆ ಬಂತು, ಈ ಎಲ್ಲ ಲೆಕ್ಕಕ್ಕೂ ಆಧಾರ ಇದೇ ಸಂಖ್ಯೆ. ಪಶ್ಚಿಮಕ್ಕೆ ಪಾಕಿಸ್ತಾನದ ಕಘಾನ್ ಕಣಿವೆಯಲ್ಲಿ ಇಂಥದ್ದೇ ಕಲ್ಲು ಇದೆ. ಅಲ್ಲಿ ಕನೇಕೊ ಮತ್ತು ಜೊತೆಯವರಿಗೆ 2003ರಲ್ಲಿ ಅದೃಷ್ಟ ಖುಲಾಯಿಸಿತ್ತು. ಜಿರ್ಕಾನ್ ಒಳಗೇ ಕೋಯೆಸೈಟ್ ಚೂರು ಸಿಕ್ಕಿತು! ಕೋಯೆಸೈಟ್ ಇದ್ದ ಪದರವನ್ನೇ ಅಳೆದರೆ ಸುಮಾರು 4.62 ಕೋಟಿ ವರ್ಷ. ಅಲ್ಲಿ ವಾದ ಮಾಡೋಕೆ ಜಾಗ ಕಡಿಮೆ, ಯಾಕೆಂದರೆ ಆ ಪದರ ಎಷ್ಟು ಆಳದಲ್ಲಿ ಬೆಳೆಯಿತು ಅನ್ನುವುದಕ್ಕೆ ಸಾಕ್ಷಿ ಅದರ ಹೊಟ್ಟೆಯಲ್ಲೇ ಇದೆ.

ಎಲ್ಲರಿಗೂ ಅಂಥ ಕಣ ಸಿಗಲ್ಲ. ಸಿಗದವರಿಗೆ ಇರುವ ದಾರಿ ರೇರ್ ಅರ್ತ್ ಧಾತುಗಳು, ಅಂದರೆ ಖನಿಜಗಳಲ್ಲಿ ಚೂರುಪಾರು ಸೇರಿಕೊಂಡಿರುವ ಒಂದು ಗುಂಪಿನ ಧಾತುಗಳು. ಈ ಲ್ಯಾಬ್‌ನಲ್ಲಿ ನನಗೆ ನಿಜವಾಗಿ ಖುಷಿ ಕೊಟ್ಟದ್ದೂ ಇದೇ ಸರ್ವಿಸ್. ಲೆಕ್ಕ ಸರಳ. ಗಾರ್ನೆಟ್ ಭಾರದ ರೇರ್ ಅರ್ತ್‌ಗಳನ್ನು ಬಾಚಿಕೊಳ್ಳುತ್ತದೆ. ಪ್ಲೇಜಿಯೋಕ್ಲೇಸ್ ಫೆಲ್ಡ್‌ಸ್ಪಾರ್ ಅನ್ನುವ ಖನಿಜ ಯುರೋಪಿಯಂ (ಅದೂ ಒಂದು ರೇರ್ ಅರ್ತ್) ಅನ್ನು ಎಳೆದುಕೊಳ್ಳುತ್ತದೆ. ಎಕ್ಲೋಜೈಟ್‌ನಲ್ಲಿ ಗಾರ್ನೆಟ್ ಇರುತ್ತದೆ, ಆ ಒತ್ತಡದಲ್ಲಿ ಪ್ಲೇಜಿಯೋಕ್ಲೇಸ್ ಇರುವುದಿಲ್ಲ. ಹಾಗಾಗಿ ಎಕ್ಲೋಜೈಟ್ ಆಗುತ್ತಿದ್ದ ಹೊತ್ತಿನಲ್ಲೇ ಬೆಳೆದ ಜಿರ್ಕಾನ್ ಪದರದಲ್ಲಿ ಭಾರದ ರೇರ್ ಅರ್ತ್ ಕಡಿಮೆ ಇರಬೇಕು, ಹಗುರದಿಂದ ಭಾರಕ್ಕೆ ಸಾಲಾಗಿಟ್ಟ ಗ್ರಾಫ್‌ನ ಬಲಗಡೆ ಏರದೆ ಸಪಾಟಾಗಿ ಹೋಗಬೇಕು, ಯುರೋಪಿಯಂ ಜಾಗದಲ್ಲಿ ಗುಂಡಿ ಬೀಳಬಾರದು. ಗ್ರಾನೈಟ್‌ನಲ್ಲಿ ಬೆಳೆದ ಕೋರ್‌ನಲ್ಲಿ ಇದಕ್ಕೆ ಪೂರ್ತಿ ಉಲ್ಟಾ. ಜಿರ್ಕಾನ್ ಮತ್ತು ಗಾರ್ನೆಟ್ ನಡುವಿನ ಈ ಹಂಚಿಕೆಯನ್ನು 2002ರಲ್ಲಿ ಡೇನಿಯೇಲಾ ರುಬಾಟ್ಟೋ ವಿವರವಾಗಿ ತೋರಿಸಿದ ಮೇಲೆ ಬರೀ ವಯಸ್ಸು ಕೊಟ್ಟು ಕೈ ತೊಳೆದುಕೊಳ್ಳುವ ಕಾಲ ಮುಗಿಯಿತು ಅಂತಲೇ ನನ್ನ ಅಭಿಪ್ರಾಯ. ಥೋರಿಯಂ-ಯುರೇನಿಯಂ ಅನುಪಾತವೂ ಸುಳಿವು ಕೊಡುತ್ತದೆ, ರೂಪಾಂತರದಲ್ಲಿ (ಬಿಸಿ, ಒತ್ತಡಕ್ಕೆ ಕಲ್ಲು ಬದಲಾಗುವಾಗ) ಬೆಳೆದ ರಿಮ್‌ಗಳಲ್ಲಿ ಸಾಮಾನ್ಯವಾಗಿ 0.1ಕ್ಕಿಂತ ಕೆಳಗೆ. ಆದರೆ ಅದೊಂದನ್ನೇ ನಂಬಿ ಕೂರಬೇಡಿ.

ಲ್ಯಾಬ್‌ನಲ್ಲಿ ಲೇಸರ್ ಪುಡಿಯನ್ನು ಎರಡು ದಾರಿಗೆ ಹಂಚಿ, ಒಂದು ಮೆಷಿನ್‌ನಲ್ಲಿ ವಯಸ್ಸು, ಇನ್ನೊಂದರಲ್ಲಿ ರೇರ್ ಅರ್ತ್, ಎರಡನ್ನೂ ಲೇಸರ್ ಕೊರೆದ ಒಂದೇ ಗುಂಡಿಯಿಂದ ಅಳೆಯುವ ಅನುಕೂಲ ಇದೆ. ಇದನ್ನು ಕೇಳಿ ಪಡೆಯಿರಿ. ರೇಟ್ ಜಾಸ್ತಿ, ಆದರೂ ಪಡೆಯಿರಿ. ಎರಡನೇ ಸಲ ನಾನು ಹೀಗೇ ಮಾಡಿಸಿದ್ದು. ಪಕ್ಕದಲ್ಲಿ ಕೂತು, ಸಿಎಲ್ ಚಿತ್ರ ಮುಂದಿಟ್ಟುಕೊಂಡು, ಸ್ಪಾಟ್ ಅನ್ನು ಹದಿನೈದು ಮೈಕ್ರಾನ್‌ಗೆ ಇಳಿಸಿ, ರಿಮ್ ಅಗಲ ಇರುವ ಕಣಗಳನ್ನಷ್ಟೇ ಆರಿಸಿ ಹೊಡೆಸಿದೆ. ಸಿಗ್ನಲ್ ಸಣ್ಣದಾಯಿತು, ತಪ್ಪಿನ ಅಂಚು ಹಿಗ್ಗಿತು, ಹುಡುಗ ಬೇಜಾರು ಮಾಡಿಕೊಂಡ. ಆದರೆ ರೇರ್ ಅರ್ತ್ ಗ್ರಾಫ್ ಸಪಾಟಾಗಿ ಬಂದ ಸ್ಪಾಟ್‌ಗಳೆಲ್ಲ ವಯಸ್ಸಿನಲ್ಲೂ ಒಂದೇ ಗುಂಪಾಗಿ ಕೂತವು. ನಡುವಿನ ಸುಳ್ಳು ವಯಸ್ಸುಗಳ ರೇರ್ ಅರ್ತ್ ಕೂಡ ನಡುವಿನದ್ದೇ, ಅಂದರೆ ಮಿಶ್ರಣ ಅಂತ ತಾವೇ ಒಪ್ಪಿಕೊಂಡ ಹಾಗೆ. ಅದನ್ನು ನೋಡಿ ಆ ಹುಡುಗನೇ "ಮೇಡಂ, ಹಳೇ ಪ್ರಾಜೆಕ್ಟ್ ಒಂದನ್ನ ಮತ್ತೆ ತೆಗೆದು ನೋಡ್ಬೇಕು ಅನ್ಸುತ್ತೆ" ಅಂದ. ಅವನಿಗೆ ಬೇರೆಯಾಗಿ ಐದು ಸ್ಟಾರ್.

ಸ್ಟ್ಯಾಂಡರ್ಡ್‌ಗಳ ವಿಚಾರ. ವಯಸ್ಸು ಮೊದಲೇ ಪಕ್ಕಾ ಗೊತ್ತಿರುವ ಜಿರ್ಕಾನ್‌ಗಳನ್ನು ನಿಮ್ಮ ಕಣಗಳ ಮಧ್ಯೆ ಮಧ್ಯೆ ಅಳೆದು ಮೆಷಿನ್ ಸರಿಯಿದೆಯಾ ಅಂತ ನೋಡುತ್ತಾರೆ. ಇವರ ಹತ್ತಿರ ಕೆನಡಾದ 91500 ಇದೆ, ಸುಮಾರು 106.5 ಕೋಟಿ ವರ್ಷದ್ದು. ಜೆಕ್ ದೇಶದ ಪ್ಲೆಶೋವಿತ್ಸೆ ಇದೆ, ಸುಮಾರು 33.7 ಕೋಟಿ. ಎರಡೂ ಒಳ್ಳೆಯವೇ. ನನ್ನ ಕಣ 5 ಕೋಟಿಯದು, ಹಾಗಾಗಿ ಎಳೆಯ ಸ್ಟ್ಯಾಂಡರ್ಡ್ ಒಂದೂ ಇರಲಿ ಅಂತ ಕೇಳಿದೆ. ಅಮೆರಿಕದ ಕೊಲರಾಡೋದ ಫಿಶ್ ಕ್ಯಾನ್ಯನ್ ಜ್ವಾಲಾಮುಖಿ ಬೂದಿಯ ಜಿರ್ಕಾನ್ ಸುಮಾರು 2.8 ಕೋಟಿ ವರ್ಷದ್ದು, ಡಬ್ಬಿಯಲ್ಲಿ ಇತ್ತಂತೆ, ಯಾರೂ ಕೇಳುತ್ತಿರಲಿಲ್ಲವಂತೆ. ತೆಗೆದು ಹಾಕಿದರು. ಸ್ಟ್ಯಾಂಡರ್ಡ್‌ಗಳ ಫಲಿತಾಂಶವನ್ನು ನಿಮ್ಮ ರಿಪೋರ್ಟ್ ಜೊತೆ ಕಳಿಸಿ ಅಂತ ಬರೆದುಕೊಡಿ, ಇಲ್ಲದಿದ್ದರೆ ಕಳಿಸಲ್ಲ. ಅದಿಲ್ಲದೆ ಯಾವ ಪತ್ರಿಕೆಯ ವಿಮರ್ಶಕರೂ ನಿಮ್ಮನ್ನು ಸುಮ್ಮನೆ ಬಿಡಲ್ಲ.

ಲೇಸರ್ ಬೇಡ ಅನ್ನುವವರಿಗೆ ಅಯಾನ್ ಪ್ರೋಬ್ ಇದೆ, ಅಂದರೆ ಲೇಸರ್ ಬದಲು ಅಯಾನ್ ಕಿರಣ ಹೊಡೆದು ಅಳೆಯುವ ಮೆಷಿನ್. ದೆಹಲಿಯ ಇಂಟರ್ ಯೂನಿವರ್ಸಿಟಿ ಆಕ್ಸಿಲರೇಟರ್ ಸೆಂಟರ್‌ನಲ್ಲಿ ರಾಷ್ಟ್ರೀಯ ಜಿಯೋಕ್ರೊನಾಲಜಿ ಸೌಲಭ್ಯ ಮಾಡಿದ್ದಾರೆ. ಅಯಾನ್ ಪ್ರೋಬ್ ಮಾಡುವ ಗುಂಡಿ ಆಳದಲ್ಲಿ ಒಂದೆರಡು ಮೈಕ್ರಾನ್ ಅಷ್ಟೇ, ಲೇಸರ್ ಅದಕ್ಕಿಂತ ಎಷ್ಟೋ ಆಳಕ್ಕೆ ಕೊರೆದು ಕೆಳಗಿರುವ ಕೋರ್ ಅನ್ನೂ ಎಬ್ಬಿಸುತ್ತದೆ. ತೆಳು ರಿಮ್‌ಗೆ ಅಯಾನ್ ಪ್ರೋಬೇ ಮೇಲು, ಅದರಲ್ಲಿ ಎರಡು ಮಾತಿಲ್ಲ. ನಿಧಾನ, ಸರದಿ ಕಾಯಬೇಕು.

ಬರೀ ಜಿರ್ಕಾನ್‌ಗೇ ಯಾಕೆ ಅಂಟಿಕೊಳ್ಳಬೇಕು ಅನ್ನುವ ಪ್ರಶ್ನೆಯೂ ನ್ಯಾಯವೇ. ಗಾರ್ನೆಟ್ ಒತ್ತಡದಲ್ಲೇ ಹುಟ್ಟುವ ಖನಿಜ, ಲುಟೀಷಿಯಂ-ಹಾಫ್ನಿಯಂ ವಿಧಾನದಲ್ಲಿ (ಲುಟೀಷಿಯಂ ನಿಧಾನಕ್ಕೆ ಹಾಫ್ನಿಯಂ ಆಗುವ ಲೆಕ್ಕ) ಅದರದ್ದೇ ವಯಸ್ಸು ತೆಗೆಯಬಹುದು. ಲುಟೀಷಿಯಂ ಗಾರ್ನೆಟ್‌ನ ಮಧ್ಯದಲ್ಲಿ ಹೆಚ್ಚು ಸೇರಿಕೊಳ್ಳುವುದರಿಂದ ಸಿಗುವ ವಯಸ್ಸು ಗಾರ್ನೆಟ್ ಬೆಳೆಯಲು ಶುರುವಾದ ಕಾಲದ ಕಡೆ ವಾಲುತ್ತದೆ, ಅಂದರೆ ಕಲ್ಲು ಇನ್ನೂ ಕೆಳಗಿಳಿಯುತ್ತಿದ್ದ ಹೊತ್ತು. ಕ್ಯಾಲಿಫೋರ್ನಿಯಾದ ಫ್ರಾನ್ಸಿಸ್ಕನ್ ಕಲ್ಲುಗಳಲ್ಲಿ ಹೀಗೆ ಸುಮಾರು 17 ಕೋಟಿ ವರ್ಷದ ತನಕ ಹಿಂದಕ್ಕೆ ಹೋಗಿ, ಅಲ್ಲಿನ ಸಬ್‌ಡಕ್ಷನ್‌ನ ಆರಂಭದ ದಿನಗಳನ್ನು ಹಿಡಿದಿದ್ದಾರೆ. ಸ್ಯಾನ್ ಫ್ರಾನ್ಸಿಸ್ಕೋ ಕಡೆ ಇರುವ ನಮ್ಮವರು ರವಿವಾರ ಟಿಬುರಾನ್‌ನ ರಿಂಗ್ ಮೌಂಟನ್‌ಗೆ ನಡೆದು ಹೋದರೆ ಆ ಜಾತಿಯ ಕಲ್ಲುಗಳನ್ನು ಕಣ್ಣಾರೆ ನೋಡಬಹುದು. ನೋಡಿ, ಒಡೆಯಬೇಡಿ, ಅದು ಸಂರಕ್ಷಿತ ಜಾಗ. ಈ ಲ್ಯಾಬ್‌ನಲ್ಲಿ ಗಾರ್ನೆಟ್ ಸರ್ವಿಸ್ ಇಲ್ಲ. ಅದಕ್ಕೆ ಕಣ ಕರಗಿಸುವ ಕ್ಲೀನ್ ರೂಮ್ ಬೇಕು.

ಫೆಂಜೈಟ್ ಅಭ್ರಕದ ಆರ್ಗಾನ್ ವಯಸ್ಸು (ಅದರೊಳಗೆ ಪೊಟ್ಯಾಸಿಯಂನಿಂದ ಹುಟ್ಟಿದ ಆರ್ಗಾನ್ ಅನಿಲದ ಲೆಕ್ಕ) ಅಗ್ಗಕ್ಕೆ ಆಗುತ್ತದೆ ಅಂತ ಯಾರಾದರೂ ಹೇಳಿದರೆ ಸ್ವಲ್ಪ ತಡೆದು ಯೋಚನೆ ಮಾಡಿ. ಇಟಲಿಯ ಆಲ್ಪ್ಸ್‌ನ ಡೋರಾ ಮೈರಾದಲ್ಲಿ ಹೀಗೇ ಆಯಿತು. 1984ರಲ್ಲಿ ಕ್ರಿಶ್ಚಿಯನ್ ಶೋಪಾಂ ಅಲ್ಲಿ ಕೋಯೆಸೈಟ್ ಕಂಡುಹಿಡಿದ ಮೇಲೆ, ಅಭ್ರಕದ ಆರ್ಗಾನ್ ಅಳತೆಗಳು 10 ಕೋಟಿ ವರ್ಷದ ಆಸುಪಾಸು ಬಂದವು. ಎಷ್ಟೋ ಜನ ಅದನ್ನೇ ನಂಬಿದರು. ನಿಜದಲ್ಲಿ ಆ ಅಭ್ರಕದೊಳಗೆ ಹೊರಗಿನ ಹಳೇ ಆರ್ಗಾನ್ ಸಿಕ್ಕಿಹಾಕಿಕೊಂಡಿತ್ತು, ಒತ್ತಡದಲ್ಲಿ ಅದಕ್ಕೆ ಹೊರಹೋಗಲು ದಾರಿ ಇರಲಿಲ್ಲ. ಆಮೇಲೆ ಜಿರ್ಕಾನ್, ಟೈಟನೈಟ್ ಅನ್ನುವ ಖನಿಜಗಳಿಂದ ಅದು ಬರೀ 3.5 ಕೋಟಿ ವರ್ಷದ ಕಥೆ ಅಂತ ತಿಳಿಯಿತು. 2001ರಲ್ಲಿ ರುಬಾಟ್ಟೋ ಮತ್ತು ಹರ್ಮನ್ ಟೈಟನೈಟ್‌ನ ಬೇರೆ ಬೇರೆ ಪದರಗಳನ್ನು ಅಳೆದು, ಆಳದಲ್ಲಿದ್ದದ್ದು 3.51 ಕೋಟಿ, ಸಾಕಷ್ಟು ಮೇಲೆ ಬಂದದ್ದು 3.29 ಕೋಟಿ, ಇನ್ನೂ ಮೇಲೆ 3.18 ಕೋಟಿ ಅಂತ ತೋರಿಸಿದರು. ಮೊದಲ ಹಂತದಲ್ಲಿ ವರ್ಷಕ್ಕೆ ಸುಮಾರು 3.4 ಸೆಂಟಿಮೀಟರ್ ವೇಗದಲ್ಲಿ ಮೇಲೆ ಬಂದಿದೆ ಆ ಕಲ್ಲು! ಪ್ಲೇಟ್‌ಗಳು ಕೆಳಗಿಳಿಯುವ ವೇಗಕ್ಕೆ ಸಮ. ಒಂದೇ ಸರಾಸರಿ ಸಂಖ್ಯೆ ತೆಗೆದು ಮುಗಿಸಿದ್ದರೆ ಈ ವೇಗ ಯಾರಿಗೂ ಕಾಣುತ್ತಲೇ ಇರಲಿಲ್ಲ. ಟೈಟನೈಟ್, ರೂಟೈಲ್ ಈ ಲ್ಯಾಬ್‌ನಲ್ಲೂ ಅಳೆಯುತ್ತಾರೆ, ಆದರೆ ಅವುಗಳಲ್ಲಿ ಹುಟ್ಟಿನಿಂದಲೇ ಸೇರಿದ ಸೀಸ ಜಾಸ್ತಿ ಇರುತ್ತದೆ. ಅದನ್ನು ಕಳೆಯುವ ಲೆಕ್ಕ ಹೇಗೆ ಮಾಡುತ್ತಾರೆ ಅಂತ ಮೊದಲೇ ಕೇಳಿಕೊಳ್ಳಿ. ನನಗೆ ಸಿಕ್ಕ ಉತ್ತರ ಅಷ್ಟು ಸಮಾಧಾನ ಕೊಡಲಿಲ್ಲ.

ಉಳಿದದ್ದೆಲ್ಲ ಬೇಗ ಹೇಳುತ್ತೇನೆ. ಸ್ವಚ್ಛತೆ ಪರವಾಗಿಲ್ಲ. ಭಾರದ ದ್ರವದ ಕೋಣೆಯಲ್ಲಿ ಗಾಳಿ ಎಳೆಯುವ ವ್ಯವಸ್ಥೆ ಸರಿಯಾಗಿದೆ. ಫೋನ್ ಎತ್ತುತ್ತಾರೆ. ಹೇಳಿದ ದಿನಕ್ಕೆ ರಿಪೋರ್ಟ್ ಕೊಡುವುದಿಲ್ಲ, "ಮುಂದಿನ ವಾರ ಮೇಡಂ" ಅನ್ನೋದು ಅಭ್ಯಾಸ. ಮೌಂಟ್ ಅನ್ನು (ಕಣ ಕೂರಿಸಿದ ಎಪಾಕ್ಸಿ ಬಿಲ್ಲೆಯನ್ನು) ವಾಪಸ್ ಕಳಿಸುವಾಗ ಚೆನ್ನಾಗಿ ಸುತ್ತಿ, ಕಣಗಳ ನಕ್ಷೆ ಸಮೇತ ಕಳಿಸಿದ್ದಾರೆ, ಅದು ನಿಜಕ್ಕೂ ಒಳ್ಳೆಯದು. ಉಳಿದ ಪುಡಿಯನ್ನೂ ಕೇಳಿ ತಗೊಳ್ಳಿ, ಎಸೆಯೋಕೆ ಬಿಡಬೇಡಿ. ಅದರಲ್ಲಿ ಗಾರ್ನೆಟ್, ರೂಟೈಲ್ ಎಲ್ಲ ಇರುತ್ತದೆ.

ಕಣವನ್ನು ಕಲ್ಲಿನಿಂದ ಬಿಡಿಸದೆ, ತೆಳು ಪಟ್ಟಿ ಮಾಡಿ ಅಲ್ಲೇ ಅಳೆಯಬಹುದಾ ಅಂತಲೂ ವಿಚಾರಿಸಿದೆ. ಆಗುತ್ತದಂತೆ. ಗಾರ್ನೆಟ್ ಹೊಟ್ಟೆಯೊಳಗಿರುವ ಜಿರ್ಕಾನ್ ಬೇರೆ, ಹೊರಗಿರುವ ಜಿರ್ಕಾನ್ ಬೇರೆ ಅಂತ ಗುರುತಿಸಿ ಹೊಡೆಸಬೇಕು ಅನ್ನೋದೇ ನನ್ನ ಆಸೆ. ಪುಡಿ ಮಾಡಿದ ಮೇಲೆ ಯಾವ ಕಣ ಎಲ್ಲಿತ್ತು ಅಂತ ಯಾರಿಗೂ ಗೊತ್ತಾಗಲ್ಲ. ರೇಟ್ ಕಾರ್ಡ್‌ನಲ್ಲಿ ಆ ಸಾಲೇ ಇಲ್ಲ, ಕೇಳಿದವರಿಗೆ ಮಾತ್ರ ಹೇಳುತ್ತಾರೆ. ಮುಂದಿನ ಸ್ಲಾಟ್‌ಗೆ ಬರೆಸಿದ್ದೇನೆ, ಅದೇ ಆಪರೇಟರ್ ಇರುವ ದಿನ ನೋಡಿಕೊಂಡು. ನೀವು ಬುಕ್ ಮಾಡುವುದಾದರೂ ಮೊದಲು ಅವನ ರಜೆ ಯಾವಾಗ ಅಂತ ಕೇಳಿಕೊಂಡು ಮಾಡಿ.